ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ

ದೇವನಹಳ್ಳಿ ಹತ್ತಿರದ ನಮ್ಮ ಆವತಿಯಲ್ಲಿ ಮನೆ ಕಟ್ಟಿಸುವವರು ಬಾಗಿಲನ್ನು ಪೂರ್ವಕ್ಕೋ ಉತ್ತರಕ್ಕೋ ಇಡಿಸುತ್ತಾರೆ. ದಕ್ಷಿಣ ಯಮನ ದಿಕ್ಕು. ಸೈಟು ಹಾಗೆ ಸಿಕ್ಕಿ ಬೇರೆ ದಾರಿಯಿಲ್ಲದವರು ಮಾತ್ರ ಅತ್ತ ತಿರುಗುತ್ತಾರೆ. ಮಾಳಿಗೆಯ ಮೇಲಿನ ಡಿಶ್‌ಗೆ ಈ ಶಾಸ್ತ್ರ ಇಲ್ಲ. ತಿಮ್ಮರಾಯಸ್ವಾಮಿ ಬೆಟ್ಟ ಹತ್ತಿ ಊರನ್ನು ನೋಡಿದರೆ, ಹೈದರಾಬಾದ್ ಹೆದ್ದಾರಿಯ ಎರಡೂ ಬದಿಯ ಡಿಶ್‌ಗಳು ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಮುಖವೆತ್ತಿ ನಿಂತಿರುತ್ತವೆ. ಭೂಮಿಯ ಜೊತೆಜೊತೆಗೇ ಸುತ್ತುತ್ತ, ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತಿರುವ ಉಪಗ್ರಹಕ್ಕೆ ಜಾಗವಿರುವುದು ಸಮಭಾಜಕ ವೃತ್ತದ ನೆತ್ತಿಯಲ್ಲಿ, ಸುಮಾರು 35,786 ಕಿ.ಮೀ. ಎತ್ತರದಲ್ಲಿ ಮಾತ್ರ. ಉತ್ತರಾರ್ಧಗೋಳದಲ್ಲಿರುವ ನಾವು ಅದನ್ನು ದಕ್ಷಿಣಕ್ಕೇ ತಿರುಗಿ ನೋಡಬೇಕು. ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಅದರ ಕೆಳಗಿರುವುದು ಸುಮಾತ್ರಾದ ಪಶ್ಚಿಮದ ಸಮುದ್ರ. ಬೆಂಗಳೂರಿನಲ್ಲಿ ಓದಿದ ಚಂದನದ ವಾರ್ತೆ ಪಕ್ಕದ ಆವತಿಗೆ ತಲುಪುವುದು ಅಷ್ಟು ದೂರ ಹೋಗಿಬಂದು.

ಹೀಗೆ ಬಂದದ್ದು ಕೊನೆಯ ಕೆಲವೇ ಮೈಲಿಯಲ್ಲಿ ಮಳೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮನೆಗಳ ಪುಟ್ಟ ಡಿಶ್‌ಗೆ ಬರುವುದು ಕೆಯು ಬ್ಯಾಂಡ್. ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಗಳ ಜಡಿಮಳೆ ಅದನ್ನು ಹೀರಿ ಚದುರಿಸಿಬಿಡುತ್ತದೆ. ಹಿಂದೆ ಕೇಬಲ್‌ನವರು ಮಾಳಿಗೆಯ ತುಂಬ ನಿಲ್ಲಿಸುತ್ತಿದ್ದ ದೊಡ್ಡ ಡಿಶ್‌ಗಳು ಸಿ ಬ್ಯಾಂಡಿನವು. ಅಲೆ ಉದ್ದ, ಮಳೆಗೆ ಅಷ್ಟಾಗಿ ಜಗ್ಗುತ್ತಿರಲಿಲ್ಲ. ಡಿಶ್ ಗೋಡೆಗೆ ಮೊಳೆ ಹೊಡೆದು ನಿಲ್ಲಿಸುವಷ್ಟು ಚಿಕ್ಕದಾಯಿತು, ಅದರ ಬೆಲೆಯಾಗಿ ಮಳೆಯ ಹೊತ್ತಿನ ಧಾರಾವಾಹಿಯನ್ನು ಬಿಟ್ಟುಕೊಟ್ಟೆವು. ನಮ್ಮ ಸೀಮೆಯ ಗುಡುಗುಮಳೆಗೆ ಸಂಜೆಯೇ ಬೇಕು. ಪರದೆ ಚೌಕಚೌಕವಾಗಿ ಒಡೆದು ನಿಂತಾಗ ಅಕ್ಕ ಕಾಂಪೌಂಡಿನ ಹತ್ತಿರ ಹೋಗಿ, 'ನಿಮ್ಮನೇಲಿ ಬರ್ತೈತಾ?' ಎಂದು ಕೂಗುತ್ತಾಳೆ. ಅವರಿಗೂ ಬರುತ್ತಿಲ್ಲವೆಂದರೆ ಸಮಾಧಾನ. ರೀಚಾರ್ಜ್ ಮುಗಿದದ್ದಲ್ಲ, ಮಳೆ ಎಂದು ಖಾತ್ರಿಯಾಯಿತಲ್ಲ.

ಅಕ್ಕನ ಮಗಳು ನ್ಯೂಜೆರ್ಸಿಗೆ ಹೋಗಿ ಬಾಡಿಗೆ ಮನೆ ಹುಡುಕುವಾಗ ದಕ್ಷಿಣಕ್ಕೆ ಬಾಲ್ಕನಿ ಇರುವ ಮನೆಯೇ ಬೇಕೆಂದು ಹಟ ಹಿಡಿದಳು. ಅಕ್ಕ ಫೋನಿನಲ್ಲಿ ಗದರಿದಳು: 'ಅಲ್ಲ ಕಣಮ್ಮ, ಅಷ್ಟು ದೂರ ಹೋಗಿ ಯಮನ ದಿಕ್ಕಿನ ಮನೆ ಹಿಡೀತೀಯಾ?' ಅವಳು ನೋಡಿದ್ದು ಅಲ್ಲಿನ ಕಾನೂನನ್ನು. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 1996ರಲ್ಲಿ ಮಾಡಿ, 1999ರಿಂದ ಬಾಡಿಗೆದಾರರಿಗೂ ವಿಸ್ತರಿಸಿದ ನಿಯಮದ ಪ್ರಕಾರ, ಒಂದು ಮೀಟರಿನೊಳಗಿನ ಡಿಶ್ಶನ್ನು ಬಾಡಿಗೆದಾರ ತನ್ನೊಬ್ಬನದೇ ಆದ ಬಾಲ್ಕನಿಯಲ್ಲಿ ಇಟ್ಟುಕೊಂಡರೆ ಮನೆಯೊಡೆಯ ತಡೆಯುವಂತಿಲ್ಲ. ಎಲ್ಲರಿಗೂ ಸೇರಿದ ಚಾವಣಿ, ಹೊರಗೋಡೆ ಇದಕ್ಕೆ ಹೊರಗು. ಬಾಲ್ಕನಿ ಉತ್ತರಕ್ಕಿದ್ದರೆ ಕಾನೂನು ಕೊಟ್ಟ ಹಕ್ಕನ್ನು ಆಕಾಶ ಕೊಡುವುದಿಲ್ಲ.

ಅಲ್ಲಿಯ ತೊಂದರೆ ಮಳೆಯೊಂದೇ ಅಲ್ಲ. ಆವತಿಯಲ್ಲಿ ಜಿಸ್ಯಾಟ್ ಕಾಣುವುದು ಸುಮಾರು 65 ಡಿಗ್ರಿ ಎತ್ತರದಲ್ಲಿ. ಅಡ್ಡ ಬರಲು ತೆಂಗಿನ ಮರವೂ ತೀರಾ ಪಕ್ಕದಲ್ಲೇ ಇರಬೇಕು. ನ್ಯೂಜೆರ್ಸಿಯಿಂದ 61.5 ಡಿಗ್ರಿ ಪಶ್ಚಿಮದ, ಅಂದರೆ ಬ್ರೆಜಿಲ್‌ನ ನೆತ್ತಿಯ ಮೇಲಿನ ಉಪಗ್ರಹವನ್ನು ನೋಡಬೇಕೆಂದರೆ ಎತ್ತರ ಸುಮಾರು 40 ಡಿಗ್ರಿಯಷ್ಟೆ. ಚಳಿಗಾಲದಲ್ಲಿ ಬೋಳು ಮೇಪಲ್ ಮರದ ನಡುವೆ ಸಿಗ್ನಲ್ ಹಿಡಿದು ಹೋದ ಮೆಕ್ಯಾನಿಕ್‌ಗೆ ಮೇ ತಿಂಗಳ ಎಲೆ ನೆನಪಾಗಲಿಲ್ಲ. ಚಿಗುರು ತುಂಬಿತು, ಉದಯ ಟಿವಿ ಹೋಯಿತು. ದೂರು ಕೊಟ್ಟರೆ, ಮರ ನಮ್ಮದಲ್ಲ ಎಂಬ ಉತ್ತರ ಬಂತಂತೆ. ಸರಿಯಾದ ಉತ್ತರವೇ.

ಆಗ ಅವಳು ಬೇರೆ ಕಂಪನಿ ನೋಡಹೊರಟಳು. ನನ್ನನ್ನು ಬಹುಕಾಲ ಕಾಡಿರುವುದು ಈ ಘಟ್ಟ. ಯಾವ ಕಂಪನಿಗೆ ಹೋದರೂ ಮೊದಲ ಪ್ರಶ್ನೆ: ನಿಮ್ಮ ಭಾಷೆ ಯಾವುದು? ಭಾರತದ ಚಾನೆಲ್‌ಗಳನ್ನು ಅಲ್ಲಿ ಮಾರುವುದು ಭಾಷೆವಾರು ಕಟ್ಟುಕಟ್ಟಿ. ಅವಳಿಗೆ ಸಿಕ್ಕ ಕನ್ನಡದ ಕಟ್ಟು ಸಣ್ಣದು, ತೆಲುಗಿನದು ದಪ್ಪ. ಧಾರವಾಡದವರಿಗೋ ಶಿವಮೊಗ್ಗದವರಿಗೋ ಇದು ಪ್ರಶ್ನೆಯೇ ಅಲ್ಲ. ಆವತಿಯ ಮನೆಯಲ್ಲಿ ಹುಟ್ಟಿದವಳಿಗೆ ಪ್ರಶ್ನೆ. ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ಅಣ್ಣತಮ್ಮಂದಿರು ಈ ಬೆಟ್ಟದ ಬುಡದಲ್ಲಿ ನೆಲೆನಿಂತರೆಂಬುದು ಐತಿಹ್ಯ. ಆ ಆವತಿ ಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿಸಿದ. ಹೀಗೆ ಹೊರಗಿನಿಂದ ಬಂದವರು ನೆಲೆಸಿದ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಒಲೆಯ ಮುಂದೆ ತೆಲುಗು, ಅಂಗಳದಲ್ಲಿ ಕನ್ನಡ. ಅಕ್ಕ ವಾರ್ತೆ ಕೇಳುವುದು ಕನ್ನಡದಲ್ಲಿ, ಸಿನಿಮಾ ನೋಡುವುದು ತೆಲುಗಿನಲ್ಲಿ, ಬೈಯುವುದು ಎರಡರಲ್ಲೂ. ಮಾಳಿಗೆಯ ಒಂದೇ ಡಿಶ್‌ಗೆ ಕನ್ನಡದ ಚಂದನವೂ ತೆಲುಗಿನ ಸಪ್ತಗಿರಿಯೂ ಇಳಿಯುತ್ತವೆ; ನೀವು ಯಾರು ಎಂದು ಅದು ಅವಳನ್ನು ಕೇಳಿದ್ದಿಲ್ಲ.

1975ರ ಆಗಸ್ಟಿನಲ್ಲಿ ಆರಂಭವಾದ 'ಸೈಟ್' ಎಂಬ ಉಪಗ್ರಹ ಟಿವಿ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಉಪಗ್ರಹದಿಂದ ಟಿವಿ ಬಂತು. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರದ ಕಡೆಗೆ. ಅಮೆರಿಕ ಎರವಲು ಕೊಟ್ಟಿದ್ದ ಎಟಿಎಸ್-6 ಉಪಗ್ರಹ ಒಂದು ಚಿತ್ರದೊಂದಿಗೆ ಎರಡು ಧ್ವನಿಗಳನ್ನು ಹೊತ್ತು ತರಬಲ್ಲದಾಗಿತ್ತು. ಒಂದೇ ಚಿತ್ರ, ಎರಡು ಭಾಷೆ. ಆವತಿಗೆ ಅದು ಬರಲಿಲ್ಲ, ಬಂದಿದ್ದರೆ ಹೇಳಿ ಮಾಡಿಸಿದಂತಿರುತ್ತಿತ್ತು.

ಆಯ್ಕೆಯ ಪೇಚು ಆಮೇಲೆ ಆವತಿಗೂ ಬಂತೆನ್ನಿ. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊಸ ದರಪದ್ಧತಿ ತಂದಾಗ, ನೂರು ಚಾನೆಲ್‌ಗಳಿಗೆ 130 ರೂಪಾಯಿ ಮತ್ತು ತೆರಿಗೆ, ಹಣದ ಚಾನೆಲ್‌ಗಳಿಗೆ ಒಂದೊಂದಕ್ಕೂ ಬೇರೆ ಬೆಲೆ ಎಂದಾಯಿತು. ಅಕ್ಕ ಪಟ್ಟಿ ಹಿಡಿದು ಕೂತಳು. ಆದರೂ ಆ ಪಟ್ಟಿಯಲ್ಲಿ ಎರಡು ಭಾಷೆಯಿಂದಲೂ ನಾಲ್ಕಾರನ್ನು ಹೆಕ್ಕಿಕೊಳ್ಳಬಹುದಿತ್ತು. ಜನಗಣತಿಯವರೂ ಮಾತೃಭಾಷೆ ಒಂದನ್ನೇ ಬರೆದುಕೊಂಡರೂ, ಗೊತ್ತಿರುವ ಬೇರೆ ಎರಡು ಭಾಷೆಗೆ ಕೆಳಗೆ ಜಾಗ ಇಟ್ಟಿರುತ್ತಾರೆ. ಅಮೆರಿಕದಲ್ಲಿ ಚಾನೆಲ್ ಮಾರುವವರಿಗೆ ಆ ಮಟ್ಟದ ಸೌಜನ್ಯವೂ ಇಲ್ಲ. ಎರಡು ಭಾಷೆ ಬೇಕೆಂದರೆ ಎರಡು ಬಿಲ್ಲು.

ಈಗ ಎಲ್ಲವೂ ಇಂಟರ್ನೆಟ್ಟಿನಲ್ಲಿ ಬರುತ್ತದೆ. ದಿಕ್ಕೂ ಬೇಡ, ಬಾಲ್ಕನಿಯೂ ಬೇಡ. ಉಪಗ್ರಹದ ಕಿರಣಕ್ಕೊಂದು ಅಂಚಿತ್ತು, ಇದಕ್ಕೆ ಕರಾರಿನ ಅಂಚು. ಇಲ್ಲಿ ಕಾಣುವ ಧಾರಾವಾಹಿ ಅಲ್ಲಿ 'ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಎನ್ನುತ್ತದೆ. ಮಳೆಗಾದರೆ ಕಾಯಬಹುದು, ಈ ಸಾಲಿನ ಮುಂದೆ ಕಾಯುವುದಕ್ಕೆ ಏನೂ ಇಲ್ಲ.

ಅಂದು ಅಕ್ಕನ ಮಗಳು ಕನ್ನಡವೋ ತೆಲುಗೋ ಎಂದು ನನ್ನನ್ನು ಕೇಳಿದ್ದರೆ ಕನ್ನಡದ ಕಟ್ಟನ್ನೇ ತಗೋ ಎನ್ನುತ್ತಿದ್ದೆ. ಸಣ್ಣದನ್ನು ಕೊಳ್ಳುವವರಿಲ್ಲದಿದ್ದರೆ ಅದು ಇನ್ನೂ ಸಣ್ಣದಾಗುತ್ತದೆ. ಹುಡುಗಿ ನನ್ನನ್ನು ಕೇಳಲಿಲ್ಲ. ಬಾಣಂತನಕ್ಕೆ ಬರಲಿದ್ದ ಅಮ್ಮನನ್ನು ಕೇಳಿದಳು. ಅಕ್ಕ ಸಿನಿಮಾ ಹೆಚ್ಚಿರುವುದನ್ನೇ ಹಾಕಿಸು ಎಂದು ತೆಲುಗು ಹಾಕಿಸಿಕೊಂಡಳು. ಚಂದನದ ವಾರ್ತೆಯನ್ನು ಫೋನಿನಲ್ಲಿ ಯೂಟ್ಯೂಬ್ ತೆಗೆದು, ಅಳಿಯ ಆಫೀಸಿಗೆ ಹೋದ ಮೇಲೆ ಜೋರಾಗಿ ಇಟ್ಟುಕೊಂಡು ಕೇಳುತ್ತಿದ್ದಳಂತೆ.