ನದೀಮೂಲ, ಋಷಿಮೂಲ

ನದೀಮೂಲ, ಋಷಿಮೂಲ ಹುಡುಕಬಾರದು ಎಂದು ನಮ್ಮ ಹಿರಿಯರ ಮಾತು. ಕೆಲವರು ಅದರ ಜೊತೆಗೆ ಸ್ತ್ರೀಮೂಲವನ್ನೂ ಸೇರಿಸುವುದುಂಟು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಸಮಾಜ ಪಾಠ ಹೇಳಿದ ನಾನೂ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಉತ್ತರ ತಿಳಿಯದ ಪ್ರಶ್ನೆ ಕೇಳುವ ಹುಡುಗಿಯರನ್ನು ಸುಮ್ಮನಾಗಿಸಲು ನಮ್ಮಂಥ ಟೀಚರಮ್ಮಂದಿರಿಗೆ ಗಾದೆಗಳಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ! ಆದರೆ 2023ರ ಬೇಸಿಗೆಯಲ್ಲಿ, ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಇದೇ ಗಾದೆ ನನ್ನ ಬಾಯಿಂದ ಬಂತು. ಬಂದ ಮರುಕ್ಷಣವೇ ನನಗೇ ಹಿಡಿಸದೆ ಹೋಯಿತು.

ಮಗಳ ಬಾಣಂತನಕ್ಕೆಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಹೋಗಿದ್ದೆ. ಮಗುವಿಗೆ ಎಣ್ಣೆನೀರು ಹಾಕಿ ಮಲಗಿಸಿದ ಮೇಲೆ ಮಧ್ಯಾಹ್ನವೆಲ್ಲ ಬಿಡುವು. ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರು ಒಂಟಿಯಾಗಿದ್ದರು. ಬೇಲಿಯ ಆಚೆ ಈಚೆ ನಿಂತು ಶುರುವಾದ ಮಾತು, ವಾರದೊಳಗೆ ಅವರ ಊಟದ ಮೇಜಿನವರೆಗೆ ನನ್ನನ್ನು ಕರೆದೊಯ್ದಿತು. ಊಟದ ಮೇಜೆಂದು ಹೆಸರಷ್ಟೆ. ಅದರ ತುಂಬ ಕಾಗದಪತ್ರಗಳು. ಅಜ್ಜಿ ತಮ್ಮ ವಂಶವೃಕ್ಷ ಬರೆಯುತ್ತಿದ್ದರು.

1620ರಲ್ಲಿ ಇಂಗ್ಲೆಂಡಿನಿಂದ ಹೊರಟ ಮೇಫ್ಲವರ್ ಹಡಗಿನ ಕಥೆ ನಮ್ಮ ಪಠ್ಯದಲ್ಲೂ ಒಂದು ಸಾಲಿನಷ್ಟು ಬಂದುಹೋಗುತ್ತಿತ್ತು. ಅದರಲ್ಲಿ ಬಂದ ಪ್ರಯಾಣಿಕರು 102 ಮಂದಿ. ಪ್ಲಿಮತ್ ಎಂಬಲ್ಲಿ ನೆಲೆನಿಂತ ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡರು. ಉಳಿದವರ ಸಂತಾನ ಇಂದು ಲಕ್ಷೋಪಲಕ್ಷ. ಆ ಸಂತತಿಯವರದೇ ಒಂದು ಸಂಘ 1897ರಲ್ಲಿ ಹುಟ್ಟಿದೆ. ಅದರ ಸದಸ್ಯರಾಗಬೇಕಾದರೆ ಹಡಗಿನ ಒಬ್ಬ ಪ್ರಯಾಣಿಕನಿಂದ ಹಿಡಿದು ನಿಮ್ಮವರೆಗೆ ಪ್ರತಿ ತಲೆಮಾರಿಗೂ ಹುಟ್ಟು, ಮದುವೆ, ಸಾವಿನ ದಾಖಲೆ ತೋರಿಸಬೇಕು. ಜಾತಿ-ಆದಾಯದ ಸರ್ಟಿಫಿಕೇಟಿಗೆ ತಾಲ್ಲೂಕು ಕಚೇರಿ ಅಲೆದ ನನಗೆ ಅಜ್ಜಿಯ ಕಷ್ಟ ಚೆನ್ನಾಗಿ ಅರ್ಥವಾಯಿತು. ನಮ್ಮದು ಒಂದು ತಲೆಮಾರಿನ ಅಲೆದಾಟ. ಅವರದು ಹನ್ನೆರಡು ತಲೆಮಾರಿನದು.

ಇಷ್ಟು ಹಿಂದಿನದು ಸಿಗುತ್ತದೆಯೇ ಎಂದು ಕೇಳಿದೆ. ಸಿಗುತ್ತದಂತೆ. 1620ರಿಂದ 1640ರವರೆಗೆ ನ್ಯೂ ಇಂಗ್ಲೆಂಡ್ ಪ್ರದೇಶಕ್ಕೆ ಸುಮಾರು 20,000 ಇಂಗ್ಲಿಷರು ಬಂದರು, ಬಹಳಷ್ಟು ಮಂದಿ ಹೆಂಡತಿ ಮಕ್ಕಳೊಡನೆ. ಊರಿನ ಗುಮಾಸ್ತ ಹುಟ್ಟು ಸಾವು ಬರೆದಿಟ್ಟ, ಇಗರ್ಜಿಯವರು ದೀಕ್ಷಾಸ್ನಾನ ಬರೆದಿಟ್ಟರು, ನ್ಯಾಯಾಲಯದಲ್ಲಿ ಉಯಿಲುಗಳು ಉಳಿದವು. ಬಾಸ್ಟನ್ನಿನಲ್ಲಿ 1845ರಲ್ಲೇ ವಂಶಾವಳಿ ಶೋಧನೆಗೆಂದು ಒಂದು ಸಂಸ್ಥೆ ಆರಂಭವಾಗಿದೆ; ಈ ಮೊದಲ ವಲಸೆಗಾರರನ್ನು ಒಬ್ಬೊಬ್ಬರನ್ನಾಗಿ ಗುರುತಿಸುವ ದೊಡ್ಡ ಕೆಲಸವೊಂದು ಅಲ್ಲಿ 1988ರಿಂದ ನಡೆದುಬಂದಿದೆ. ಕಳ್ಳರೂ ಇದ್ದರೆನ್ನಿ. ಗುಸ್ತಾವ್ ಆಂಜು ಎಂಬ ಮಹಾಶಯ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಶ್ರೀಮಂತರಿಗೆ ಸುಳ್ಳು ವಂಶಾವಳಿ ಬರೆದುಕೊಟ್ಟು ಹಣ ಮಾಡಿದ. ದೊಡ್ಡ ಮನೆತನ ಬೇಕೆಂಬ ಆಸೆ ಇರುವ ಕಡೆ ಅದನ್ನು ಮಾರುವವನೂ ಇರುತ್ತಾನಷ್ಟೆ.

ಒಂದು ದಿನ ಸುಮ್ಮನೆ ಲೆಕ್ಕ ಹಾಕಿದೆ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುತ್ತಾತ ಮುತ್ತಜ್ಜಿಯರು ಎಂಟು. ಹೀಗೆ ಹನ್ನೆರಡು ತಲೆ ಹಿಂದಕ್ಕೆ ಹೋದರೆ ಆ ಒಂದು ಸಾಲಿನಲ್ಲೇ 4096 ಸ್ಥಾನಗಳು! "ಇಷ್ಟು ಜನರಲ್ಲಿ ಹಡಗಿನ ಆ ಒಬ್ಬನನ್ನೇ ಯಾಕೆ ಹಿಡಿದಿರಿ?" ಎಂದು ತಮಾಷೆಗೆ ಕೇಳಿದೆ. ಅಜ್ಜಿ ನಕ್ಕು, "ಅವನೊಬ್ಬನೇ ನೆರೆಹೊರೆಯವರಿಗೆ ಹೇಳಿಕೊಳ್ಳುವಂಥವನು" ಎಂದರು. ಪ್ರಾಮಾಣಿಕರು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಖಾಲಿ ಜಾಗಗಳು. ಗಂಡಸರ ಹೆಸರು ಪೂರ್ತಿ; ಹೆಂಡತಿಯರ ಹೆಸರಿನ ಮುಂದೆ ಎಷ್ಟೋ ಕಡೆ ಬರಿಯ ಗೆರೆ. 'ಮೇರಿ' ಎಂದು ಬರೆದು ಮುಂದೊಂದು ಗೆರೆ, ಅಂದರೆ ತವರಿನ ಹೆಸರು ಗೊತ್ತಿಲ್ಲ. ಪ್ಲಿಮತ್ತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಹಡಗಿನಲ್ಲಿ ಬಂದವರ ಪಟ್ಟಿಯನ್ನು ತಾನೇ ಬರೆದಿಟ್ಟಿದ್ದಾನೆ. ಅದರಲ್ಲಿ ಥಾಮಸ್ ಟಿಂಕರ್ ಎಂಬವನಿದ್ದಾನೆ. ಅವನ ಜೊತೆಗಿದ್ದವರು ಬರಿಯ 'ಹೆಂಡತಿ' ಮತ್ತು 'ಮಗ'. ಮೂವರೂ ಮೊದಲ ಚಳಿಗಾಲದಲ್ಲೇ ಸತ್ತರು. ಅಮೆರಿಕದ ಜನಗಣತಿಯಲ್ಲೂ 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ತಲೆಯೆಣಿಕೆ. ಸಮುದ್ರ ದಾಟಿ, ಹಸಿ ಕಾಡಿನಲ್ಲಿ ಎಂಟು ಹತ್ತು ಹೆತ್ತು, ಅರ್ಧ ಮಕ್ಕಳನ್ನು ಮಣ್ಣಿಗೆ ಕೊಟ್ಟು, ಉಳಿದವರನ್ನು ಬೆಳೆಸಿದ ತಾಯಂದಿರು ಒಂದು ಗೆರೆಯಾಗಿ ಉಳಿದಿದ್ದಾರೆ. ಸ್ತ್ರೀಮೂಲ ಹುಡುಕಬಾರದು ಎನ್ನುವುದಕ್ಕೆ ಗಾದೆಯೇ ಬೇಕಿಲ್ಲ, ಹುಡುಕಿದರೂ ಸಿಗದಂತೆ ಮಾಡಿಟ್ಟರೆ ಸಾಕು ಎಂದುಕೊಂಡೆ.

ಆದರೆ ಅಜ್ಜಿಯ ನಿದ್ದೆ ಕೆಡಿಸಿದ್ದು ಬೇರೆ. ಅಂಥ ಒಬ್ಬ ಮೇರಿಯ ತವರನ್ನು ಹುಡುಕುತ್ತ ಅವರು 1720ರ ದಶಕದ ಒಂದು ಆಸ್ತಿ ಪಟ್ಟಿಯ ಪ್ರತಿ ತರಿಸಿದ್ದರು. ಮನೆಯ ಯಜಮಾನ ತೀರಿಕೊಂಡಾಗ ಊರಿನವರು ಸಾಮಾನು ಲೆಕ್ಕ ಹಾಕಿ ಬರೆದದ್ದು. ಎರಡು ಎತ್ತು, ಮೂರು ಹಸು, ಒಂದು ಗರಿಹಾಸಿಗೆ, ಒಂದು ಹಿತ್ತಾಳೆ ಹಂಡೆ. ಅದರ ಕೆಳಗೆ, ಅದೇ ಅಕ್ಷರದಲ್ಲಿ, 'ನೀಗ್ರೋ ಹುಡುಗಿ, ಒಂದು'. ಮುಂದೆ ಬೆಲೆ. ಕನ್ನಡದಲ್ಲಾದರೆ ಬರೆಯುವವನು 'ಒಬ್ಬಳು' ಎನ್ನಲೋ 'ಒಂದು' ಎನ್ನಲೋ ಎಂದು ಒಂದು ಗಳಿಗೆ ತಡೆಯಬೇಕಾಗುತ್ತಿತ್ತು. ಇಂಗ್ಲಿಷಿನಲ್ಲಿ ಆ ತೊಂದರೆಯೂ ಇಲ್ಲ.

ಗುಲಾಮಗಿರಿ ಎಂದರೆ ಅಮೆರಿಕದ ದಕ್ಷಿಣದ್ದು ಎಂದೇ ನಾನು ಪಾಠ ಮಾಡುತ್ತಿದ್ದೆ. ಆದರೆ ಅದಕ್ಕೆ ಕಾನೂನಿನಲ್ಲಿ ಜಾಗ ಕೊಟ್ಟ ಮೊದಲ ಇಂಗ್ಲಿಷ್ ವಸಾಹತು ಇದೇ ಮ್ಯಾಸಚೂಸೆಟ್ಸ್, 1641ರಲ್ಲಿ. ನ್ಯಾಯಾಲಯದ ತೀರ್ಪುಗಳಿಂದ ಅದು ಅಲ್ಲಿ ಅಳಿಯುವ ಹೊತ್ತಿಗೆ 1783 ಆಗಿತ್ತು. ಆ ನೆಲದ ಮೂಲ ಜನರದೂ ಇಂಥದೇ ಕಥೆ. 1621ರಲ್ಲಿ ಹಸಿದವರಿಗೆ ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿ. ಅದೇ ವರ್ಷ ವಾಂಪನೋಆಗ್ ಜನರ ನಾಯಕ ಮ್ಯಾಸಸಾಯಿಟ್ ಬಂದವರೊಡನೆ ಒಪ್ಪಂದ ಮಾಡಿಕೊಂಡ. 1676ರಲ್ಲಿ, ಯುದ್ಧದಲ್ಲಿ ಸತ್ತ ಅವನ ಮಗ ಮೆಟಾಕಾಮನ ತಲೆಯನ್ನು ಪ್ಲಿಮತ್ತಿನಲ್ಲಿ ಕಂಬಕ್ಕೆ ಏರಿಸಿ ವರ್ಷಗಟ್ಟಲೆ ಬಿಟ್ಟರು. ಉಣ್ಣಲು ಕಲಿಸಿದವರಿಗೆ ಸಂದ ಪ್ರತಿಫಲ ಇದು.

ಅಜ್ಜಿ ತಂಗಿಗೆ ಫೋನು ಮಾಡಿ ಪಟ್ಟಿಯ ವಿಷಯ ಹೇಳಿದ್ದರು. "ಅದು ಸಂಘಕ್ಕೆ ಬೇಕಿಲ್ಲ, ತೆಗೆದಿಡು. ಮುನ್ನೂರು ವರ್ಷದ ಹಿಂದಿನ ತಪ್ಪಿಗೆ ನಾವೇನು ಹೊಣೆ?" ಎಂದರಂತೆ ತಂಗಿ. "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಅಜ್ಜಿ ನನ್ನನ್ನು ಕೇಳಿದರು. ಆಗಲೇ ನನ್ನ ಬಾಯಿಂದ ಗಾದೆ ಬಂದದ್ದು. ನದಿಯ ಮೂಲ, ಋಷಿಯ ಮೂಲ ನೋಡಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ನಾನು ಈಗಾಗಲೇ ನೋಡಿಬಿಟ್ಟಿದ್ದೇನಲ್ಲ" ಎಂದರು.

ಆ ರಾತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತಂಗಿಯ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ತಾತ ಮಾಡಿದ ತಪ್ಪಿಗೆ ಮೊಮ್ಮಗಳನ್ನು ಕಟಕಟೆಗೆ ನಿಲ್ಲಿಸಬಾರದು. ಪಾಪ ಹಾಗೆ ಇಳಿದು ಬರುವುದಾದರೆ ಯಾವ ಕೂಸು ತಾನೇ ನಿರ್ಮಲವಾಗಿ ಹುಟ್ಟೀತು? ಆದರೆ ಹಾಗಾದರೆ ಹೆಮ್ಮೆ ಮಾತ್ರ ಹೇಗೆ ಇಳಿದು ಬರುತ್ತದೆ? ಸಮುದ್ರ ದಾಟಿದ ಧೈರ್ಯವೂ ಅಜ್ಜಿಯದಲ್ಲ, ಹುಡುಗಿಯನ್ನು ಕೊಂಡ ತಪ್ಪೂ ಅಜ್ಜಿಯದಲ್ಲ. ಅಪ್ಪನ ಮನೆ ನನಗಿರಲಿ, ಅದರ ಮೇಲಿನ ಸಾಲ ಮಾತ್ರ ಬೇಡ ಎಂದರೆ ಯಾವ ಪಂಚಾಯಿತಿ ಒಪ್ಪುತ್ತದೆ? ಹಿರಿಯರ ಹೆಸರಿನಲ್ಲಿ ತಲೆ ಎತ್ತಲು ಹೊರಟವರು ಅದೇ ಹಿರಿಯರ ಹೆಸರಿನಲ್ಲಿ ತಲೆ ತಗ್ಗಿಸಲೂ ಸಿದ್ಧರಿರಬೇಕು. ಎರಡೂ ಬೇಡವೆನ್ನುವವರಿದ್ದಾರೆ, ಅವರನ್ನು ಗೌರವಿಸುತ್ತೇನೆ. ಒಂದು ಬೇಕು ಒಂದು ಬೇಡ ಎನ್ನುವುದೇ ಸರಿಯಲ್ಲ.

ಹಾಗೆ ತಲೆ ತಗ್ಗಿಸಿದವರೂ ಆ ನಾಡಿನಲ್ಲಿ ಇದ್ದಾರೆ. 1692ರಲ್ಲಿ ಅಲ್ಲಿನ ಸೇಲಂ ಊರಿನಲ್ಲಿ ಮಾಟಗಾತಿಯರೆಂಬ ಆರೋಪದ ವಿಚಾರಣೆ ನಡೆದು 19 ಮಂದಿಯನ್ನು ಗಲ್ಲಿಗೇರಿಸಿದರು. ಅವರಲ್ಲಿ ರೆಬೆಕ್ಕಾ ನರ್ಸ್ ಎಂಬ 71 ವರ್ಷದ ಮುದುಕಿಯೂ ಇದ್ದಳು. ಪ್ರಶ್ನೆ ಕೇಳಿದ ಅಧಿಕಾರಿಗಳಲ್ಲಿ ಒಬ್ಬ ಜಾನ್ ಹ್ಯಾಥಾರ್ನ್. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಅವನ ವಂಶದ ಕುಡಿ. 1850ರಲ್ಲಿ ಬಂದ 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯ ಮುನ್ನುಡಿಯಲ್ಲಿ ಆತ, ಹಿರಿಯರ ಕ್ರೌರ್ಯದ ನಾಚಿಕೆಯನ್ನು ಅವರ ಪರವಾಗಿ ತಾನು ಹೊರುತ್ತೇನೆಂದು ಬರೆದಿದ್ದಾನೆ.

ಅದಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು ಅಜ್ಜಿಯೇ ಹೇಳಿದ ಇನ್ನೊಂದು ಕಥೆ. ಅದೇ ವಿಚಾರಣೆಗಳಲ್ಲಿ ಆಂಡೋವರಿನ ಎಲಿಜಬೆತ್ ಜಾನ್ಸನ್ ಎಂಬ ಇಪ್ಪತ್ತೆರಡರ ಹುಡುಗಿಗೂ ಮರಣದಂಡನೆಯಾಯಿತು. ಗಲ್ಲು ತಪ್ಪಿತು, ಕಳಂಕ ತಪ್ಪಲಿಲ್ಲ. ಮುಂದೆ ಶಿಕ್ಷೆಗೊಳಗಾದ ಒಬ್ಬೊಬ್ಬರ ಹೆಸರನ್ನೂ ಸರ್ಕಾರ ನಿರ್ದೋಷಿಗಳ ಪಟ್ಟಿಗೆ ಸೇರಿಸುತ್ತ ಬಂತು, ಬಹುಪಾಲು ಅವರ ಸಂತತಿಯವರ ಒತ್ತಾಯದಿಂದ. ಎಲಿಜಬೆತ್ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಅವಳ ಪರವಾಗಿ ಕೇಳುವವರೇ ಇರಲಿಲ್ಲ. ಕೊನೆಗೆ ಕೇಳಿದವರು ಯಾರು ಗೊತ್ತೇ? ಅದೇ ಪ್ರದೇಶದ ಶಾಲೆಯೊಂದರ ಎಂಟನೇ ತರಗತಿಯ ಮಕ್ಕಳು ಮತ್ತು ಅವರ ಟೀಚರಮ್ಮ! ದಾಖಲೆ ಓದಿದರು, ಶಾಸಕರಿಗೆ ಪತ್ರ ಬರೆದರು. 2022ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಅವಳನ್ನು ನಿರ್ದೋಷಿ ಎಂದು ಘೋಷಿಸಿತು. ಅವಳಿಗೆ ಅವರು ರಕ್ತಸಂಬಂಧಿಗಳಲ್ಲ. ಆದರೂ ಮಕ್ಕಳು ಮಾಡಬೇಕಾದ ಕೆಲಸವನ್ನು ಮಾಡಿದರು. ನಮ್ಮಲ್ಲೂ ತರ್ಪಣ ಬಿಡುವಾಗ ತಮ್ಮವರೆಲ್ಲರ ಹೆಸರು ಹೇಳಿ ಮುಗಿದ ಮೇಲೆ, ಯಾರೂ ಇಲ್ಲದವರಿಗೆಂದು ಕೊನೆಯಲ್ಲಿ ಒಂದಿಷ್ಟು ನೀರು ಬಿಡುವುದುಂಟು. ಚಿಕ್ಕಂದಿನಿಂದ ನೋಡಿದ್ದ ಆ ನೀರಿನ ಅರ್ಥ ನನಗೆ ಆವತ್ತು ತಿಳಿಯಿತು.

ನಾನು ಊರಿಗೆ ಹೊರಡುವ ಹಿಂದಿನ ದಿನ ಅಜ್ಜಿ ತಮ್ಮ ವಂಶವೃಕ್ಷ ತೋರಿಸಿದರು. 1720ರ ಆ ಮನೆಯ ಯಜಮಾನ, ಮೇರಿ, ಅವರ ಏಳು ಮಕ್ಕಳು. ಪಕ್ಕದಲ್ಲಿ, ಯಾವ ಗೆರೆಗೂ ಸೇರದ ಒಂದು ಚಿಕ್ಕ ಚೌಕ. ಅದರೊಳಗೆ ಪೆನ್ಸಿಲಿನಲ್ಲಿ, 'ಒಬ್ಬ ಹುಡುಗಿ. ಹೆಸರು ತಿಳಿಯದು. ಇದೇ ಮನೆಯಲ್ಲಿ ಬದುಕಿದ್ದಳು'. ಸಂಘದವರು ಇದನ್ನು ಕೇಳುವುದಿಲ್ಲ, ತಂಗಿಗೆ ಇಷ್ಟವಾಗುವುದಿಲ್ಲ ಎಂದರು. ಅಳಿಸುವುದಿಲ್ಲವೆಂದೂ ಹೇಳಿದರು.

ಊರಿಗೆ ಬಂದ ಮೇಲೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಪಡಸಾಲೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ನಮ್ಮ ವಂಶವೃಕ್ಷವಿದೆ. ಎಂಟು ತಲೆಮಾರಿನ ಗಂಡಸರು. ನಾನೂ ಇಲ್ಲ, ನನ್ನ ಅಕ್ಕಂದಿರೂ ಇಲ್ಲ. ಅದಕ್ಕೆ ಮೊದಲಿನಿಂದಲೂ ನನಗೆ ಸಿಟ್ಟಿತ್ತು. ಆವತ್ತು ಮಾತ್ರ ಬೇರೊಂದು ನೆನಪಾಯಿತು. ನಾನು ಏಳೆಂಟು ವರ್ಷದವಳಿದ್ದಾಗ ಅಜ್ಜನ ಮನೆಯ ಕೊಟ್ಟಿಗೆ ಬಳಿಯುತ್ತಿದ್ದ, ಹಿತ್ತಿಲ ಕಟ್ಟೆಯ ಮೇಲೆ ನನಗೆ ಹೇನು ಹೆಕ್ಕುತ್ತಿದ್ದ ಒಬ್ಬ ಹೆಂಗಸು. ಅವಳ ಗಂಡ ನಮ್ಮಲ್ಲಿ ಜೀತಕ್ಕಿದ್ದ. 1976ರ ಕಾನೂನು ಜೀತಪದ್ಧತಿಯನ್ನು ರದ್ದು ಮಾಡಿತು ಎಂದು ಎಷ್ಟು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ! ಅದು ನಮ್ಮ ಕೊಟ್ಟಿಗೆಯ ವಿಷಯವೆಂದು ಒಮ್ಮೆಯೂ ಹೊಳೆದಿರಲಿಲ್ಲ. "ದೊಡ್ಡಪ್ಪ, ಅವಳ ಹೆಸರೇನು?" ಎಂದೆ. ಅವರು ಬಹಳ ಹೊತ್ತು ಯೋಚಿಸಿ, "ಹೆಸರು ಯಾರಿಗೆ ನೆನಪಿದೆಯಮ್ಮ? 'ಏ' ಅಂದರೆ ಬರುತ್ತಿದ್ದಳು" ಎಂದರು.

ಊರ ಹೊರಗಿನ ಕೇರಿಯಲ್ಲಿ ಅವಳ ಮೊಮ್ಮಕ್ಕಳು ಇರಬಹುದು. ಈ ದಸರಾ ರಜೆಯಲ್ಲಿ ಹೋಗಿ ಕೇಳಬೇಕೆಂದಿದ್ದೇನೆ. ಐವತ್ತು ವರ್ಷದ ಮೇಲೆ ಹೆಸರು ಕೇಳಿಕೊಂಡು ಹೋಗುವವಳನ್ನು ಅವರು ಬಾ ಎನ್ನುತ್ತಾರೋ, ಈಗ ಬಂದೆಯಾ ಎನ್ನುತ್ತಾರೋ. ಎರಡನೆಯದನ್ನು ಅಂದರೂ ಅದು ಅವರ ಹಕ್ಕು. ನದಿಯ ಮೂಲ ಹುಡುಕಬಾರದೆಂದು ಇನ್ನು ಮುಂದೆ ನನ್ನ ಹುಡುಗಿಯರಿಗೆ ನಾನು ಹೇಳಲಾರೆ.