ಮಗುವು ಯಾರದು?



ನಮ್ಮ ಹಳ್ಳಿಗಳಲ್ಲಿ ಇಂಥ ಸಂಗತಿಯು ನಡೆಯುವುದುಂಟು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ತೀರಿಹೋಗುತ್ತಾಳೆ. ಹಸುಗೂಸನ್ನು ಅಜ್ಜಿಯು ಮಡಿಲಿಗೆ ಹಾಕಿಕೊಂಡು ಆಕಳ ಹಾಲನ್ನು ಕುಡಿಸಿ ಸಾಕುತ್ತಾಳೆ. ಐದಾರು ವರುಷಗಳ ತರುವಾಯ ತಂದೆಯು ಇನ್ನೊಂದು ಮದುವೆಯಾಗಿ ಬಂದು, "ನನ್ನ ಮಗನನ್ನು ಕೊಡಿರಿ" ಎಂದು ಬಾಗಿಲಲ್ಲಿ ನಿಲ್ಲುತ್ತಾನೆ. "ಹುಟ್ಟಿಸಿದವನು ನಾನು" ಎಂದು ಇವನು, "ಸಾಕಿದವರು ನಾವು" ಎಂದು ಅವರು. ಹಿರಿಯರ ಮುಂದೆ ತೀರದ ವ್ಯಾಜ್ಯವು ಕುಟುಂಬ ನ್ಯಾಯಾಲಯಕ್ಕೆ, ಅದಿಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ. ಆಗ ಮಗುವು ಯಾರಿಗೆ ಸೇರತಕ್ಕದ್ದು?

ನಾವು ಇದನ್ನು ಹೊಲದ ಬದುವಿನ ವ್ಯಾಜ್ಯದಂತೆ ಕೇಳುತ್ತೇವೆ. ನ್ಯಾಯಾಲಯವು ಹಾಗೆ ಕೇಳುವುದಿಲ್ಲ. ಕ್ರೈಸ್ತರಾದ ನಮಗೂ ಅನ್ವಯಿಸುವ 1890ನೆಯ ಇಸವಿಯ ಪಾಲಕರ ಮತ್ತು ಪಾಲ್ಯರ ಕಾಯಿದೆಯು ಮಗುವಿನ ಕ್ಷೇಮವನ್ನೇ ನೋಡಬೇಕೆಂದು ಹೇಳುತ್ತದೆ. ಮಗುವಿನ ವಯಸ್ಸು, ಸಾಕುವವರ ನಡತೆ ಮತ್ತು ಶಕ್ತಿ, ರಕ್ತಸಂಬಂಧ, ತೀರಿಹೋದ ತಾಯಿ ಅಥವಾ ತಂದೆಯ ಇಷ್ಟ, ಹಿಂದಿನಿಂದ ಇರುವ ಒಡನಾಟ, ಇವೆಲ್ಲವನ್ನೂ ತೂಗಬೇಕು. ಬುದ್ಧಿ ತಿಳಿದ ಮಗುವಾದರೆ ಅದರ ಮನಸ್ಸನ್ನೂ ಕೇಳಬಹುದು. ತಂದೆಯಾಗಲಿ ತಾಯಿಯಾಗಲಿ ಬದುಕಿದ್ದು ಅಯೋಗ್ಯರಲ್ಲದಿರುವಾಗ ಬೇರೊಬ್ಬರನ್ನು ಪಾಲಕರನ್ನಾಗಿ ನೇಮಿಸಲಾಗದು. ಆದರೂ ಆ ಹಕ್ಕು ಮಗುವಿನ ಕ್ಷೇಮಕ್ಕಿಂತ ಮೇಲಲ್ಲ.

ಎರಡು ತೀರ್ಪುಗಳನ್ನು ಆಲೋಚಿಸಿರಿ. ಒಂದರಲ್ಲಿ, ತಾಯಿಯ ಮರಣದ ವಿಷಯವಾಗಿ ತಂದೆಯ ಮೇಲೆ ಮೊಕದ್ದಮೆಯು ನಡೆಯುತ್ತಿತ್ತು. ಕೆಳಗಣ ನ್ಯಾಯಾಲಯಗಳು ಹುಡುಗನನ್ನು ತಂದೆಗೆ ಒಪ್ಪಿಸಬೇಕೆಂದಿದ್ದರೂ, 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹುಡುಗನ ಮನಸ್ಸನ್ನು ಕೇಳಿ ತಾಯಿಯ ಹೆತ್ತವರ ಕಡೆಗೆ ತೀರ್ಪುಕೊಟ್ಟಿತು. 2025ರಲ್ಲಿ ಅದೇ ನ್ಯಾಯಾಲಯವು, ತಾಯಿ ತೀರಿದ ಮೇಲೆ ಅವಳ ಹೆತ್ತವರ ಬಳಿ ಇದ್ದ ಇನ್ನೊಬ್ಬ ಹುಡುಗನನ್ನು ತಂದೆಗೆ ಒಪ್ಪಿಸಿತು; ಆದರೆ ಅಜ್ಜ ಅಜ್ಜಿಯರು ಅವನನ್ನು ಕಾಣುವುದಕ್ಕೂ ಅಪ್ಪಣೆಕೊಟ್ಟಿತು. ತೀರ್ಪುಗಳು ಎರಡು, ಅಳತೆಗೋಲು ಒಂದೇ.

ಹಾಗಾದರೆ ಅಜ್ಜಿಯು ನಿದ್ದೆಗೆಟ್ಟ ರಾತ್ರಿಗಳಿಗೆ ಬೆಲೆಯಿಲ್ಲವೋ? ಉಂಟು. ಆದರೆ ಅದು ಕೂಲಿಯಂತೆ ಕೇಳಿ ಪಡೆಯುವ ಬೆಲೆಯಲ್ಲ. ಪ್ರೀತಿಯಿಂದ ಮಾಡಿದ್ದಕ್ಕೆ ಮಗುವನ್ನೇ ಪ್ರತಿಫಲವಾಗಿ ಕೇಳಿದರೆ ಪ್ರೀತಿಯು ವ್ಯಾಪಾರವಾಗುವುದು. ತಂದೆಗೂ ಇದೇ ಮಾತು: ಹುಟ್ಟಿಸಿದ್ದು ಒಡೆತನವನ್ನಲ್ಲ, ಹೊಣೆಯನ್ನು ಕೊಡುತ್ತದೆ. ಬೇತ್ಲೆಹೇಮಿನಲ್ಲಿ ನೊವೊಮಿಯು ರೂತಳ ಮಗನನ್ನು ಮಡಿಲಲ್ಲಿಟ್ಟು ಸಾಕಿದಳು. ಅದರಿಂದ ರೂತಳ ತಾಯಿತನವು ಅಳಿಯಲಿಲ್ಲ. ಒಂದು ಕೂಸಿಗೆ ಎರಡು ಮಡಿಲುಗಳಿರುವುದು ಭಾಗ್ಯವೇ ಹೊರತು ಜಗಳಕ್ಕೆ ಕಾರಣವಲ್ಲ.

ಆದಕಾರಣ ನಾವು ಒಂದು ವಿಷಯದಲ್ಲಿ ಬಹಳ ಎಚ್ಚರವಾಗಿರತಕ್ಕದ್ದು. ನ್ಯಾಯಾಧೀಶರು ಮಗುವಿನ ಮನಸ್ಸನ್ನು ಕೇಳುವರೆಂದು ತಿಳಿದು, "ನಿನ್ನ ಅಪ್ಪ ಕೆಟ್ಟವನು", "ನಿನ್ನ ಅಜ್ಜಿ ಕಳ್ಳಿ" ಎಂದು ಅದಕ್ಕೆ ಹೇಳಿಕೊಡಬಾರದು. ವ್ಯಾಜ್ಯವನ್ನು ಗೆದ್ದ ಮೇಲೆಯೂ ಆ ವಿಷವು ಮಗುವಿನಲ್ಲಿ ಉಳಿಯುವದು. ಯಾಕಂದರೆ ಅದರ ಮೈಯಲ್ಲಿ ಎರಡು ಮನೆಗಳ ರಕ್ತವೂ ಹರಿಯುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು ನ್ಯಾಯಾಧೀಶರಿಗೇ ಹೇಳಿರುವಾಗ, ನೆಂಟರಾದ ನಾವು ಅದಕ್ಕೆ ಹಿಂಜರಿಯಬಹುದೋ?

ಪ್ರಿಯರೇ, ಮಗುವು ಯಾರದೆಂದು ಕೇಳುವದನ್ನು ಬಿಟ್ಟು, ಮಗುವಿಗೆ ಯಾರು ಯಾರು ಬೇಕೆಂದು ಕೇಳೋಣ. ಗೆದ್ದವನು ಬಾಗಿಲನ್ನು ತೆರೆದಿಡಲಿ. ಸೋತವನು ಆ ಬಾಗಿಲಿಗೆ ಕೋಪವಿಲ್ಲದೆ ಬರಲಿ.