ಔಷಧದಾನ ಮತ್ತು ಅಹಿಂಸಾಣುವ್ರತ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಮ್ಮ ಪೂರ್ವಾಚಾರ್ಯರು ಶ್ರಾವಕನ ಕರ್ತವ್ಯಗಳಲ್ಲಿ ಸೇರಿಸಿದ್ದಾರೆ. ನಾಲ್ಕೂ ಒಂದೇ ಕರುಣೆಯ ನಾಲ್ಕು ಮುಖಗಳು. ಆದರೆ ಇಂದಿನ ಆಸ್ಪತ್ರೆಗಳಲ್ಲಿ ಅಭಯದಾನವೂ ಔಷಧದಾನವೂ ಎದುರುಬದುರಾಗಿ ನಿಲ್ಲುವ ಸಂದರ್ಭಗಳುಂಟು. ಹೃದಯದ ಶಸ್ತ್ರಚಿಕಿತ್ಸೆಗೆ ಸಿದ್ಧರಾದ ಹಿರಿಯರೊಬ್ಬರಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ಔಷಧವನ್ನು ಕೊಡುತ್ತಾರೆ. ಅದನ್ನು ಬಹುಮಟ್ಟಿಗೆ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯಲಾಗುತ್ತದೆ. ಜೀವನವಿಡೀ ಗೆಡ್ಡೆಗೆಣಸನ್ನೂ ವರ್ಜಿಸಿದ ವ್ಯಕ್ತಿಯ ರಕ್ತನಾಳದೊಳಗೆ ಆ ದ್ರವವು ಹರಿಯುತ್ತದೆ. ಅದನ್ನು ಸ್ವೀಕರಿಸಿದ ರೋಗಿಯು ಹಿಂಸೆಗೆ ಭಾಗಿಯೇ? ಅದನ್ನು ಕೊಂಡು ಹಂಚುವ ಧರ್ಮಾರ್ಥ ಟ್ರಸ್ಟು ಭಾಗಿಯೇ?

ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳು ಪ್ರಚಾರದಲ್ಲಿವೆ. ಪ್ರಾಣ ಉಳಿಸುವಲ್ಲಿ ದೋಷವನ್ನು ಎಣಿಸಬಾರದು, ಔಷಧದ ಮೂಲವನ್ನು ವಿಚಾರಿಸುವುದೇ ಅನಗತ್ಯ ಎಂಬುದು ಒಂದು. ಪ್ರಾಣಿಜನ್ಯವಾದುದನ್ನು ಯಾವ ಸ್ಥಿತಿಯಲ್ಲಿಯೂ ಮುಟ್ಟಬಾರದು ಎಂಬುದು ಇನ್ನೊಂದು. ಎರಡೂ ವಿಚಾರವನ್ನು ಆರಂಭದಲ್ಲಿಯೇ ನಿಲ್ಲಿಸಿಬಿಡುತ್ತವೆ. ವೈದ್ಯಶಾಸ್ತ್ರದ ನಾನಾ ಶಾಖೆಗಳಲ್ಲಿ ಈಚೆಗೆ ಕಂಡುಬಂದಿರುವ ಸಂಶೋಧನೆಗಳನ್ನು ಗಮನಿಸಿದರೆ, ಈ ಎರಡಕ್ಕಿಂತಲೂ ಕಠಿಣವಾದ ಆದರೆ ಹೆಚ್ಚು ನ್ಯಾಯವಾದ ಮೂರನೆಯ ಮಾರ್ಗವೊಂದು ಕಾಣಿಸುತ್ತದೆ.

ಪ್ರಶ್ನೆಯೇನೋ ಹೊಸದಲ್ಲ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸುವ ‘ಕಲ್ಯಾಣಕಾರಕ’ವನ್ನು ಸಂಸ್ಕೃತದಲ್ಲಿ ರಚಿಸಿದರು, ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಸಮ್ಮುಖದಲ್ಲಿ ಮಾಂಸಸೇವನೆಯ ನಿರರ್ಥಕತೆಯನ್ನು ಪ್ರತಿಪಾದಿಸಿದರು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಅದೇ ಶತಮಾನದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದು, ಚಿಕಿತ್ಸೆಗೆ ಪಶುವೂ ಅಧಿಕಾರಿಯೆಂಬುದನ್ನು ತೋರಿಸಿದನು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಗ್ರಾದಿತ್ಯರು ರೋಗಿಗೆ ‘ಔಷಧವನ್ನು ಬಿಡು’ ಎಂದು ಹೇಳಲಿಲ್ಲ. ವೈದ್ಯನಿಗೆ ‘ಬೇರೆ ಔಷಧವನ್ನು ಹುಡುಕು’ ಎಂದರು. ಭಾರವನ್ನು ಹೊರಬೇಕಾದವನು ನರಳುವವನಲ್ಲ, ಬಲ್ಲವನು ಎಂಬುದು ಅವರ ನಿಲುವಿನ ತಿರುಳು.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಅದರ ಹಿಂದಿರುವ ಪ್ರಮಾದವನ್ನು ಮುಖ್ಯವಾಗಿ ಎಣಿಸುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ, ಕಷಾಯಕ್ಕೆ ವಶವಾದ ಉಪೇಕ್ಷೆ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ವಿಂಗಡಿಸಿ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಉಳಿದವನ್ನು ಆದಷ್ಟು ಕುಗ್ಗಿಸಬೇಕು ಎಂದು ವಿಧಿಸಿರುವುದೂ ಇದೇ ವಿವೇಕದಿಂದ. ತ್ರಸಜೀವಿಗಳ ವಿಷಯದಲ್ಲಿ ಕಟ್ಟುನಿಟ್ಟು, ಸ್ಥಾವರ ಜೀವಿಗಳ ವಿಷಯದಲ್ಲಿ ಮಿತಿ ಎಂಬುದು ಅಣುವ್ರತದ ಕ್ರಮ. ಇದರೊಡನೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳನ್ನು ನೆನೆಯಬೇಕು. ರೋಗಿಯು ಪ್ರಾಣಿಯನ್ನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ. ಆದರೆ ಸಮಾಜವಾಗಿ ನಾವು ಅನುಮೋದಿಸಿದೆವೇ? ಬೇರೆ ದಾರಿ ಇಲ್ಲದಾಗ ಒಪ್ಪಿಕೊಂಡದ್ದು ಅನುಮೋದನೆಯಾಗಲಾರದು. ಬೇರೆ ದಾರಿ ಇದ್ದೂ ಕೇಳದೆ ಹೋದದ್ದು ಅನುಮೋದನೆಯೇ ಸರಿ. ಆದುದರಿಂದ ಎಲ್ಲವೂ ‘ಬೇರೆ ದಾರಿ ಇಲ್ಲ’ ಎಂಬ ಮಾತಿನ ಸತ್ಯಾಸತ್ಯತೆಯ ಮೇಲೆ ನಿಂತಿದೆ.

ಈ ಮಾತು ಎಷ್ಟು ಬೇಗ ಹಳತಾಗುತ್ತದೆಂಬುದಕ್ಕೆ ಮಧುಮೇಹದ ಔಷಧವೇ ಸಾಕ್ಷಿ. 1921ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ನಾಯಿಗಳ ಮೇಲೆ ಪ್ರಯೋಗ ನಡೆಸಿ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಸಾವಿನ ಅಂಚಿನಲ್ಲಿದ್ದ 14 ವರ್ಷದ ಬಾಲಕನಿಗೆ ಅದನ್ನು ಮೊದಲು ಕೊಡಲಾಯಿತು. ಅಲ್ಲಿಂದ ಸುಮಾರು ಅರುವತ್ತು ವರ್ಷ ಜಗತ್ತಿನ ಇನ್ಸುಲಿನ್ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಬಂತು. ಆ ಕಾಲದಲ್ಲಿ ‘ಬೇರೆ ದಾರಿ ಇಲ್ಲ’ ಎಂದವನು ಸತ್ಯವನ್ನೇ ಹೇಳಿದ್ದನು. 1978ರಲ್ಲಿ ಮಾನವ ಇನ್ಸುಲಿನ್ನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದಲೇ ಇನ್ಸುಲಿನ್ ತಯಾರಿಸಲು ಸಾಧ್ಯವಾಯಿತು. 1982ರಲ್ಲಿ ಅಮೆರಿಕವು ಅದಕ್ಕೆ ಅನುಮತಿ ನೀಡಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟ್ ಜೀವಕೋಶಗಳ ಮೂಲಕ ಮಾನವ ಇನ್ಸುಲಿನ್ನನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಯೀಸ್ಟಿನಲ್ಲಿಯೂ ಜೀವವಿದೆಯೆಂಬುದನ್ನು ಜೈನನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪಂಚೇಂದ್ರಿಯ ಪಶುವಿನ ವಧೆಗೂ ಏಕೇಂದ್ರಿಯಗಳ ಸಾಲಿನಲ್ಲಿ ಎಣಿಸಬಹುದಾದ ಸೂಕ್ಷ್ಮಜೀವಿಯ ಬಳಕೆಗೂ ಇರುವ ಅಂತರವನ್ನು ಜಿನಾಗಮವು ಅರಿತಷ್ಟು ಸೂಕ್ಷ್ಮವಾಗಿ ಅರಿತ ದರ್ಶನಗಳು ವಿರಳ. ಇದು ಹಿಂಸೆಯ ನಾಶವಲ್ಲ, ಹಿಂಸೆಯ ಮಹತ್ತರವಾದ ಸಂಕೋಚ.

ಇದಕ್ಕಿಂತಲೂ ಎಚ್ಚರಿಕೆಯ ಪಾಠ ಕಡಲತೀರದಿಂದ ಬಂದಿದೆ. ಕುದುರೆಯ ಲಾಳದಂಥ ಚಿಪ್ಪುಳ್ಳ, 40 ಕೋಟಿ ವರ್ಷಗಳಿಗೂ ಹಿಂದಿನ ವಂಶಕ್ಕೆ ಸೇರಿದ ಒಂದು ಜೀವಿಯುಂಟು; ಅದನ್ನು ಲಾಳದ ಏಡಿಯೆನ್ನೋಣ. ಅದರ ನೀಲಿ ರಕ್ತವು ಬ್ಯಾಕ್ಟೀರಿಯಾದ ವಿಷಾಂಶ ಲವಲೇಶವಿದ್ದರೂ ಗಟ್ಟಿಯಾಗುತ್ತದೆ. ಈ ಗುಣದಿಂದಾಗಿ 1970ರ ದಶಕದಿಂದ ಚುಚ್ಚುಮದ್ದು, ಲಸಿಕೆ, ಗ್ಲೂಕೋಸ್ ಬಾಟಲಿಗಳ ಶುದ್ಧಿಯನ್ನು ಪರೀಕ್ಷಿಸಲು ಅದರ ರಕ್ತವನ್ನು ಬಳಸುತ್ತ ಬಂದಿದ್ದಾರೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಲಕ್ಷಾಂತರ ಏಡಿಗಳನ್ನು ಹಿಡಿದು, ರಕ್ತ ತೆಗೆದು, ಮರಳಿ ಕಡಲಿಗೆ ಬಿಡುತ್ತಾರೆ. ಅವುಗಳಲ್ಲಿ ಒಂದು ಪಾಲು ಸಾಯುತ್ತದೆ. ಔಷಧದಲ್ಲಿ ಏಡಿಯ ಅಂಶವೇ ಇಲ್ಲ, ಆದರೂ ಔಷಧದ ಹಿಂದೆ ಏಡಿಯಿದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ ಅವರು 1990ರ ದಶಕದಲ್ಲಿಯೇ ಆ ರಕ್ತದ ಮುಖ್ಯ ಪ್ರೋಟೀನನ್ನು ಏಡಿಯಿಲ್ಲದೆ ಪ್ರಯೋಗಶಾಲೆಯಲ್ಲಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದರು. 2003ರಲ್ಲಿ ಅದು ಮಾರುಕಟ್ಟೆಗೂ ಬಂತು. ಆದರೆ ಯುರೋಪಿನ ಔಷಧ ಸಂಹಿತೆಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು 2021ರಲ್ಲಿ. ಅಮೆರಿಕದ ಸಂಹಿತೆಯಲ್ಲಿ 2025ರ ಮೇ ತಿಂಗಳಿನಲ್ಲಿ. ಮಾರ್ಗ ತಿಳಿದ ಮೇಲೂ ಎರಡು ದಶಕ ಏಡಿಗಳ ರಕ್ತ ಹರಿಯಿತು. ಇದರಲ್ಲಿ ಕ್ರೂರನಾದ ಒಬ್ಬನನ್ನೂ ತೋರಿಸಲಾಗದು. ಅಭ್ಯಾಸಬಲ, ನಿಯಮಗಳ ನಿಧಾನಗತಿ, ಯಾರೂ ಒತ್ತಾಯಿಸದಿರುವಿಕೆ—ಇವೇ ಕಾರಣ. ಆಚಾರ್ಯರು ಪ್ರಮಾದವೆಂದದ್ದು ಇದನ್ನೇ ಅಲ್ಲವೇ?

ಔಷಧಗಳನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುವ ಪದ್ಧತಿಯಲ್ಲಿಯೂ ಇಂಥದೇ ಬದಲಾವಣೆ ಕಾಣತೊಡಗಿದೆ. 2006ರಲ್ಲಿ ಲಂಡನ್ನಿನಲ್ಲಿ ಒಂದು ಹೊಸ ಔಷಧವನ್ನು ಪಡೆದ ಆರು ಮಂದಿ ಸ್ವಯಂಸೇವಕರು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ಸಿಲುಕಿದರು; ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣವನ್ನು ಕೋತಿಗಳು ತಾಳಿಕೊಂಡಿದ್ದವು. ಪ್ರಾಣಿಯ ಶರೀರವು ಮನುಷ್ಯ ಶರೀರದ ನಕಲಲ್ಲ. 2010ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಮನುಷ್ಯನ ಶ್ವಾಸಕೋಶದ ಜೀವಕೋಶಗಳನ್ನು ಬೆರಳುದ್ದದ ಪಾರದರ್ಶಕ ಚಿಪ್ಪಿನಲ್ಲಿ ಬೆಳೆಸಿ, ಉಸಿರಾಟದ ಚಲನೆಯನ್ನೂ ಅದಕ್ಕೆ ಕೊಟ್ಟರು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದೇ ಬಗೆಯ ಯಕೃತ್ತಿನ ಚಿಪ್ಪುಗಳಲ್ಲಿ 27 ಔಷಧಗಳನ್ನು ಪರೀಕ್ಷಿಸಲಾಯಿತು. ಯಕೃತ್ತಿಗೆ ವಿಷಕಾರಿಯೆಂದು ಗೊತ್ತಿದ್ದವುಗಳಲ್ಲಿ ಶೇಕಡ 87ರಷ್ಟನ್ನು ಅವು ಗುರುತಿಸಿದವು; ನಿರಪಾಯವಾದ ಯಾವುದನ್ನೂ ವಿಷವೆಂದು ತಪ್ಪಾಗಿ ಹೇಳಲಿಲ್ಲ. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ನಿಯಮವನ್ನು ಅಮೆರಿಕವು 2022ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಭಾರತವೂ 2023ರಲ್ಲಿ ತನ್ನ ಔಷಧ ಪರೀಕ್ಷಾ ನಿಯಮಗಳನ್ನು ತಿದ್ದಿ ಇಂಥ ಪರ್ಯಾಯ ವಿಧಾನಗಳಿಗೆ ಅವಕಾಶ ಕೊಟ್ಟಿತು. ಆದರೆ ಅತ್ಯುಕ್ತಿ ಸಲ್ಲದು. ಗರ್ಭಸ್ಥ ಶಿಶುವಿನ ಮೇಲಿನ ಪರಿಣಾಮ, ವರ್ಷಗಟ್ಟಲೆ ಸೇವಿಸಿದಾಗ ಕಾಣುವ ದೋಷ, ಹಲವು ಅಂಗಗಳ ಪರಸ್ಪರ ವ್ಯಾಪಾರ ಮುಂತಾದವನ್ನು ಚಿಪ್ಪು ಇನ್ನೂ ಪೂರ್ಣವಾಗಿ ಹೇಳಲಾರದು. ದ್ವಾರ ತೆರೆದಿದೆ, ಪಯಣ ಮುಗಿದಿಲ್ಲ.

ಇನ್ನು ಎದುರು ದಿಕ್ಕಿನ ಸಂಶೋಧನೆಯೂ ಉಂಟು. 2022ರ ಜನವರಿಯಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೀನುಗಳನ್ನು ಮಾರ್ಪಡಿಸಿದ ಹಂದಿಯ ಹೃದಯವನ್ನು 57 ವರ್ಷದ ರೋಗಿಗೆ ಜೋಡಿಸಿದರು. ಅವರು ಎರಡು ತಿಂಗಳು ಬದುಕಿದರು. 2024ರ ಮಾರ್ಚಿನಲ್ಲಿ ಬಾಸ್ಟನ್ನಿನಲ್ಲಿ ಹಂದಿಯ ಮೂತ್ರಪಿಂಡವನ್ನು ಮತ್ತೊಬ್ಬರಿಗೆ ಜೋಡಿಸಲಾಯಿತು. ಇಲ್ಲಿ ಪ್ರಾಣಿಯನ್ನು ಮನುಷ್ಯನ ಬಿಡಿಭಾಗಕ್ಕಾಗಿಯೇ ಹುಟ್ಟಿಸಿ, ಬೆಳೆಸಿ, ಕೊಲ್ಲುವುದರಿಂದ ಇದು ಸಂಕಲ್ಪಿ ಹಿಂಸೆಗೆ ಬಹಳ ಸಮೀಪವಾದುದು. ನಮ್ಮ ಮನಸ್ಸು ಇದನ್ನು ಕೇಳಿದೊಡನೆ ಹಿಂಜರಿಯುವುದು ಸಹಜ. ಆದರೆ ವೈದ್ಯರು ಹಂದಿಯ ಕಡೆಗೆ ತಿರುಗಿದ್ದೇಕೆ? ಮನುಷ್ಯರು ಕೊಡುತ್ತಿಲ್ಲವೆಂದು. ಭಾರತದಲ್ಲಿ ಅಂಗಾಂಗ ಕಸಿಯ ಕಾಯಿದೆ ಬಂದದ್ದು 1994ರಲ್ಲಿ. ಮರಣಾನಂತರ ಅಂಗದಾನ ಮಾಡಿದವರ ವಾರ್ಷಿಕ ಸಂಖ್ಯೆ ಸಾವಿರವನ್ನು ಮೊದಲು ದಾಟಿದ್ದು 2023ರಲ್ಲಿ. ಹತ್ತು ಲಕ್ಷ ಜನಕ್ಕೆ ಒಬ್ಬ ದಾನಿಯೂ ಇಲ್ಲವೆಂದಾಯಿತು. ದೇಹವು ಆತ್ಮನಲ್ಲವೆಂದು ದಿನವೂ ಚಿಂತಿಸುವ ನಾವು, ಆತ್ಮನು ತೊರೆದುಹೋದ ದೇಹದ ಎರಡು ಮೂತ್ರಪಿಂಡಗಳನ್ನು ಚಿತೆಗೆ ಒಪ್ಪಿಸಿ, ಬಳಿಕ ಹಂದಿಯ ವಧೆಯನ್ನು ಖಂಡಿಸುವುದು ಯುಕ್ತವೇ? ಪರ್ಯಾಯವನ್ನು ಹುಡುಕುವ ಹೊಣೆ ವಿಜ್ಞಾನಿಯದು ಮಾತ್ರವಲ್ಲ. ಇಲ್ಲಿ ಪರ್ಯಾಯವು ನಮ್ಮ ಶರೀರದಲ್ಲಿಯೇ ಇದೆ.

ಒಂದು ಆಕ್ಷೇಪವನ್ನು ಇಲ್ಲಿ ಪರಿಶೀಲಿಸುವುದು ಉಚಿತ. ‘ಇಂದಿನ ಅಹಿಂಸಕ ಔಷಧವೂ ನಿನ್ನೆಯ ಪ್ರಾಣಿಪ್ರಯೋಗದ ತಳಹದಿಯ ಮೇಲೆ ನಿಂತದ್ದಲ್ಲವೇ? ಟೊರಾಂಟೊದ ನಾಯಿಗಳಿಲ್ಲದೆ ಬೆಂಗಳೂರಿನ ಇನ್ಸುಲಿನ್ ಎಲ್ಲಿಂದ ಬಂತು?’ ಎಂದು ಕೇಳುವವರುಂಟು. ಮಾತು ನಿಜ. ಆದರೆ ಕಳೆದುಹೋದ ಹಿಂಸೆಗೆ ನಾವು ಸಲ್ಲಿಸಬಹುದಾದುದು ಪ್ರತಿಕ್ರಮಣ. ಮುಂದಿನ ಹಿಂಸೆಗೆ ಸಲ್ಲಿಸಬೇಕಾದುದು ಪ್ರತ್ಯಾಖ್ಯಾನ. ಹಿಂದಿನ ದೋಷವನ್ನು ಅಳಿಸಲಾರೆವೆಂಬುದು ಮುಂದಿನ ದೋಷಕ್ಕೆ ಅನುಮತಿಪತ್ರವಾಗಲಾರದು.

ಹಾಗಾದರೆ ಗೃಹಸ್ಥರೂ ಟ್ರಸ್ಟಿನವರೂ ಮಾಡತಕ್ಕದ್ದೇನು? ಮೊದಲನೆಯದಾಗಿ, ಅಹಿಂಸೆಯ ಹೆಸರಿನಲ್ಲಿ ಯಾವ ರೋಗಿಗೂ ಅವಶ್ಯಕ ಔಷಧವನ್ನು ತಪ್ಪಿಸಬಾರದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವವರಿಗೆ ವೈದ್ಯರು ಹೆಪಾರಿನ್ ಬೇಕೆಂದರೆ ಬೇಕು. ವ್ರತಿಕನೊಬ್ಬನು ತಿಳಿದು, ಸ್ವಸ್ಥ ಚಿತ್ತದಿಂದ ತನಗಾಗಿ ಒಂದನ್ನು ತ್ಯಜಿಸುವುದು ತ್ಯಾಗ. ತಂದೆತಾಯಿಗಳ ಪರವಾಗಿ ಮಕ್ಕಳು ತ್ಯಜಿಸುವುದು ತ್ಯಾಗವಲ್ಲ, ಅದು ಇನ್ನೊಬ್ಬರ ಪ್ರಾಣದ ಮೇಲೆ ನಡೆಸುವ ಅಧಿಕಾರ. ಎರಡನೆಯದಾಗಿ, ಅವಸರವಿಲ್ಲದಾಗ ಕೇಳಬೇಕು. ರಕ್ತ ಹೆಪ್ಪುಗಟ್ಟದಿರಲು ದೀರ್ಘಕಾಲ ಸೇವಿಸುವ ಔಷಧಗಳಲ್ಲಿ ರಾಸಾಯನಿಕವಾಗಿ ತಯಾರಿಸಿದ ಮಾತ್ರೆಗಳು ಈಗ ಹಲವಿವೆ; ಅವು ತಮಗೆ ಒಗ್ಗುವುದೇ ಎಂದು ವೈದ್ಯರನ್ನು ವಿನಯದಿಂದ ವಿಚಾರಿಸಬಹುದು. ಅನೇಕ ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್. ಸಸ್ಯಮೂಲದ ಹೊದಿಕೆಯವೂ ದೊರೆಯುತ್ತವೆ. ವೈದ್ಯರ ಸಲಹೆಯಿಲ್ಲದೆ ತಾವಾಗಿ ಔಷಧವನ್ನು ಬದಲಿಸುವುದು ಮಾತ್ರ ಸಲ್ಲದು. ಮೂರನೆಯದಾಗಿ, ಚಿಕಿತ್ಸಾಲಯಗಳನ್ನು ನಡೆಸುವ ಟ್ರಸ್ಟುಗಳು ಔಷಧ ಖರೀದಿಯ ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ತಜ್ಞವೈದ್ಯರ ಮುಂದಿಟ್ಟು, ಕಳೆದ ವರ್ಷ ಇಲ್ಲದಿದ್ದ ಪರ್ಯಾಯ ಈ ವರ್ಷ ಬಂದಿದೆಯೇ ಎಂದು ಪರಿಶೀಲಿಸಬೇಕು. ಬೆಲೆ ಹೆಚ್ಚಾದಲ್ಲಿ ಆ ವ್ಯತ್ಯಾಸವನ್ನು ಬಡರೋಗಿಯ ಮೇಲೆ ಹೊರಿಸದೆ ದಾನನಿಧಿಯಿಂದ ತುಂಬಬೇಕು. ಆಗ ಒಂದೇ ಹಣವು ಔಷಧದಾನವೂ ಅಭಯದಾನವೂ ಆಗುತ್ತದೆ. ನಾಲ್ಕನೆಯದಾಗಿ, ನೇತ್ರದಾನ, ಅಂಗದಾನಗಳ ಸಂಕಲ್ಪವನ್ನು ಮನೆಯ ಹಿರಿಯರು ಬದುಕಿರುವಾಗಲೇ ಮನೆಮಂದಿಗೆ ತಿಳಿಸಿ ದಾಖಲಿಸಬೇಕು. ಸಾವಿನ ಹೊತ್ತಿನಲ್ಲಿ ಬಂಧುಗಳಿಗೆ ಅದನ್ನು ನಿರ್ಣಯಿಸುವ ಧೈರ್ಯವಿರುವುದಿಲ್ಲ. ಕೊನೆಯದಾಗಿ, ಶಾಸ್ತ್ರದಾನದ ಅರ್ಥವನ್ನು ಸ್ವಲ್ಪ ವಿಸ್ತರಿಸಿ, ಪ್ರಾಣಿರಹಿತ ಪರೀಕ್ಷಾ ವಿಧಾನಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ವೇತನ ಕೊಡುವುದನ್ನು ನಮ್ಮ ಸಂಸ್ಥೆಗಳು ಆಲೋಚಿಸಬಹುದು. ಉಗ್ರಾದಿತ್ಯರು ರಾಜಸಭೆಯಲ್ಲಿ ಮಾಡಿದ ಕೆಲಸಕ್ಕೆ ಇಂದಿನ ಸ್ಥಾನ ಪ್ರಯೋಗಶಾಲೆ.

‘ಅನಿವಾರ್ಯ’ ಎಂಬುದು ಒಮ್ಮೆ ಹೇಳಿ ಮುಗಿಸುವ ಮಾತಲ್ಲ. ವರ್ಷವರ್ಷವೂ ಪರೀಕ್ಷಿಸಿ ನವೀಕರಿಸಬೇಕಾದ ಮಾತು. 1922ರಲ್ಲಿ ಅನಿವಾರ್ಯವಾಗಿದ್ದುದು 1982ರ ಬಳಿಕ ಹಾಗೆ ಉಳಿಯಲಿಲ್ಲ. ಏಡಿಯ ರಕ್ತದ ವಿಷಯದಲ್ಲಿ ಇಂದು ಅದೇ ನಡೆಯುತ್ತಿದೆ. ಹೆಪಾರಿನ್ನಿನ ವಿಷಯದಲ್ಲಿ ನಾಳೆ ನಡೆಯಬಹುದು. ಔಷಧವನ್ನು ಸ್ವೀಕರಿಸುವ ರೋಗಿಯ ಕೈ ನಡುಗಬೇಕಾಗಿಲ್ಲ. ಆದರೆ ಅದನ್ನು ಕೊಂಡು ಕೊಡುವ ಆರೋಗ್ಯವಂತರಾದ ನಮ್ಮ ನಾಲಗೆ, ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಸುಮ್ಮನಿರಬಾರದು.